ಬಟ್ಟೆ ಕಟ್ಟಿದ ಕಲ್ಲು

ಚುನಾವಣೆ ಬಂದಾಗ, ಶಾಸಕರ ಹೆಸರು ಕಾಣಬಾರದೆಂದು ಸೇತುವೆ ಪಕ್ಕದ ಉದ್ಘಾಟನೆಯ ಕಲ್ಲಿಗೆ ಬಟ್ಟೆ ಕಟ್ಟಿದರು. ಶಾಸಕರು ಸೋತರು, ಬಟ್ಟೆ ಬಿಚ್ಚಲು ಯಾರೂ ಬರಲಿಲ್ಲ.

“ನಿನಗಾಗಿ ವಿಧಾನಸಭೆಯಲ್ಲಿ ಗಂಟಲು ಹರಿಯುವಂತೆ ಕೂಗಿದವರು ಅವರು. ಅದನ್ನು ಹೇಳಲು ಉಳಿದದ್ದು ನಾನೊಂದೇ. ನನ್ನ ಬಾಯಿಗೂ ಬಟ್ಟೆ!” ಎಂದು ಕಲ್ಲು ಸೇತುವೆಯೆದುರು ಗೋಳಾಡಿತು.

“ಇವತ್ತು ಬಂದಿದ್ದರು. ಬಸ್ಸಿನಲ್ಲಿ, ಒಬ್ಬರೇ,” ಎಂದಿತು ಸೇತುವೆ.

“ಮತ್ತೆ ಬಟ್ಟೆ ಯಾಕೆ ಬಿಚ್ಚಲಿಲ್ಲ?”

“ನಿನ್ನ ಕಡೆ ತಿರುಗಲೇ ಇಲ್ಲ. ಕೆಳಗೆ ಹಳ್ಳ ತುಂಬಿ ಹರಿಯುತ್ತಿತ್ತು, ಅದನ್ನೇ ನೋಡುತ್ತ ನನ್ನ ಮೇಲೆ ನಿಂತಿದ್ದರು. ಶಾಲೆಯ ಹುಡುಗಿಯರು ಓಡಿಬಂದು, ‘ದಾರಿ ಬಿಡಿ ಅಜ್ಜಾ, ಹೊತ್ತಾಯ್ತು’ ಎಂದರು.”

“ಗುರುತು ಹಿಡಿಯಲಿಲ್ಲವೇ?”

“ಇಲ್ಲ. ಅವರು ಪಕ್ಕಕ್ಕೆ ಸರಿದು ನಕ್ಕರು ನೋಡು, ಅಂಥ ನಗು ಉದ್ಘಾಟನೆಯ ದಿನವೂ ನಾನು ಕಂಡಿರಲಿಲ್ಲ.”