ಕಾವಿಗೆ ಕೂತ ಹ್ಯಾಟೆಗೆ ಯಾಕಷ್ಟು ಸಿಟ್ಟು

ಲೋಕ ಇನ್ನೂ ಹಸಿಯಾಗಿದ್ದಾಗಿನ ಮಾತು ಇದು. ಬೆಟ್ಟಗಳನ್ನು ಆಗಷ್ಟೇ ಎತ್ತಿ ಇಟ್ಟಿದ್ದರು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಕಲ್ಲು, ನಾಯಿ, ಸೂರ್ಯ, ಮನುಷ್ಯರು ಎಲ್ಲರೂ ಒಂದೇ ಭಾಷೆ ಆಡುತ್ತಿದ್ದರು. ಆ ಭಾಷೆ ಕನ್ನಡ ಎಂದು ನಾನು ಹೇಳುತ್ತೇನೆ, ಬೇಕಾದವರು ಜಗಳಕ್ಕೆ ಬನ್ನಿ.

ಆಗ ಲೋಕದಲ್ಲೆಲ್ಲ ಇದ್ದದ್ದು ಒಂದೇ ಹ್ಯಾಟೆ. ಹ್ಯಾಟೆ ಅಂದರೆ ಹೆಣ್ಣು ಕೋಳಿ. ಜೊತೆಗೊಂದು ಹುಂಜವೂ ಇತ್ತು. ಅದು ಕೂಗುವುದೊಂದು ಬಿಟ್ಟು ಬೇರೆ ಕೆಲಸ ಕಲಿತಿರಲಿಲ್ಲ, ಈಗಲೂ ಕಲಿತಿಲ್ಲ. ಎರಡೂ ಸಾಕಮ್ಮನ ಹಿತ್ತಲಲ್ಲಿದ್ದವು.

ಸಾಕಮ್ಮನದು ಜೋರು ಬಾಯಿ. ಆದರೆ ಕೋಳಿಗಳಿಗೆ ಏನೂ ಕಡಿಮೆ ಮಾಡಿದವಳಲ್ಲ. ಬೆಳಗಾದರೆ ನೀರಿನ ಬೋಗುಣಿ ತಿಕ್ಕಿ ತೊಳೆದು ಹೊಸ ನೀರು ತುಂಬುತ್ತಿದ್ದಳು. ಗೂಡಿನ ಹಿಕ್ಕೆ ಬಳಿದು ತಿಪ್ಪೆಗೆ ಹಾಕುತ್ತಿದ್ದಳು. ಒಲೆಯ ಬೂದಿಯನ್ನು ಆರಿಸಿ ಒಂದು ಗುಂಡಿಗೆ ಸುರಿಯುತ್ತಿದ್ದಳು. ಕೋಳಿಗಳು ಅದರಲ್ಲಿ ಹೊರಳಿದರೆ ಮೈಮೇಲಿನ ಹೇನು ಉದುರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಗೂಡಿನ ಬಾಯಿಗೆ ಹಲಗೆ ಕೊಟ್ಟೇ ಅವಳು ಒಳಗೆ ಹೋಗುತ್ತಿದ್ದಳು.

ಹ್ಯಾಟೆ ಮೊಟ್ಟೆ ಇಟ್ಟಿತು. ಇಟ್ಟ ಮೇಲೆ ಏನು ಮಾಡಬೇಕೆಂದು ಅದಕ್ಕೆ ತಿಳಿಯದು. ಹೇಳಿಕೊಡಲು ತಾಯಿಯೇ ಇರಲಿಲ್ಲವಲ್ಲ.

"ಇದ್ರಿಂದ ಮರಿ ಬರ್ತದೆ ಅಂತಾರಲ್ಲ ಸಾಕವ್ವ, ಹೆಂಗೆ?" ಎಂದು ಕೇಳಿತು.

"ಕಾಯ್ಬೇಕು ಕಣವ್ವ," ಅಂದಳು ಸಾಕಮ್ಮ. ಅಷ್ಟೇ ಹೇಳಿ ಕಸ ಗುಡಿಸಲು ಹೋದಳು. ಎಲ್ಲ ಕೆಟ್ಟದ್ದು ಆ ಒಂದು ಮಾತಿನಿಂದ.

ಹ್ಯಾಟೆಗೂ ಹೊಟ್ಟೆಯಿದೆ. ಮೇಯಬೇಕು, ನೀರು ಕುಡಿಯಬೇಕು, ಬೂದಿಯಲ್ಲಿ ಹೊರಳಬೇಕು. ಅದು ಕತ್ತೆತ್ತಿ ಸೂರ್ಯನನ್ನು ಕೇಳಿತು.

"ಸೂರ್ಯಪ್ಪ, ಮೇದ್ಕೊಂಡು ಬರ್ತೀನಿ. ನಾನು ಬರೋಗಂಟ ಕಾಯ್ತೀಯಾ?"

"ಅದಕ್ಕೇನಂತೆ, ಕಾಯ್ತೀನಿ ಹೋಗು," ಅಂದ ಸೂರ್ಯ.

ಹ್ಯಾಟೆ ನಂಬಿ ಹೋಯಿತು. ಬೇಲಿಯಿಂದ ಮುಂಗುಸಿ ಬಂತು, ಒಂದೂ ಬಿಡದೆ ಮೊಟ್ಟೆ ಒಡೆದು ಕುಡಿಯಿತು, ಮೂತಿ ಒರೆಸಿಕೊಂಡು ಹೋಯಿತು. ಹ್ಯಾಟೆ ತಿರುಗಿ ಬಂದಾಗ ಬರೀ ಚಿಪ್ಪು ಬಿದ್ದಿತ್ತು.

"ಕಾಯ್ತೀನಿ ಅಂದ್ಯಲ್ಲ ಸೂರ್ಯಪ್ಪ."

"ಕಾದೆನಲ್ಲ," ಅಂದ ಸೂರ್ಯ. "ನೆಲ ಮುಟ್ಟಿ ನೋಡು, ಹೆಂಗೆ ಸುಡ್ತದೆ. ಹುಟ್ಟಿದಾಗಿಂದ ನಾನು ಇಷ್ಟು ಕಾದಿರಲಿಲ್ಲ."

"ಮುಂಗುಸಿ ಬಂದು ತಿಂದೋಯ್ತಲ್ಲ."

"ತಿಂತು, ನಾನೂ ನೋಡ್ದೆ. ನೀನು ಕಾಯಿ ಅಂದೆ, ಕಾದೆ. ಮುಂಗುಸಿ ಓಡ್ಸು ಅಂದ್ಯಾ?"

ನೋಡಿದನಂತೆ. ಮೇಲೆ ಕೂತು ಆರಾಮಾಗಿ ನೋಡಿದನಂತೆ. ಈ ಮಾತು ಹೇಳುವಾಗ ಇಷ್ಟು ಕಾಲದ ಮೇಲೂ ನನಗೆ ಮೈ ಉರಿಯುತ್ತದೆ.

ಹ್ಯಾಟೆ ಮತ್ತೆ ಮೊಟ್ಟೆ ಇಟ್ಟಿತು. ಅಷ್ಟರಲ್ಲಿ ಚಳಿಗಾಲ ಬಂದಿತ್ತು. ಈ ಸಲ ಅದು ನಾಯಿಯ ಹತ್ತಿರ ಹೋಯಿತು.

"ನಾಯಣ್ಣ, ದಿನಾ ಮೇಯೋಕೆ ಹೋಗ್ಬೇಕು. ನಾನು ಬರೋಗಂಟ ಕಾಯ್ತೀಯಾ?"

"ಕಾಯೋದೇ ನನ್ನ ಕೆಲಸ," ಅಂದಿತು ನಾಯಿ, ಎದೆ ಮುಂದೆ ಮಾಡಿಕೊಂಡು.

ನಿಜ ಹೇಳಬೇಕೆಂದರೆ ನಾಯಿ ಮೋಸ ಮಾಡಲಿಲ್ಲ. ಮೊಟ್ಟೆಯ ಸುತ್ತ ಸುತ್ತಿತು, ಬೊಗಳಿತು, ಮುಂಗುಸಿಯನ್ನು ಬೇಲಿಯಾಚೆಗೂ ಅಟ್ಟಿತು. ಆದರೆ ಚಳಿಗಾಳಿಯನ್ನು ಅಟ್ಟುವವರು ಯಾರು? ದಿನ ಕಳೆದವು, ವಾರ ಕಳೆದವು, ಒಂದು ಮೊಟ್ಟೆಯೂ ಬಿರಿಯಲಿಲ್ಲ. ಸಾಕಮ್ಮ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ಒಳಗೆ ನೀರು ಕುಲುಕಿತು. ಮೂಗು ಮುಚ್ಚಿಕೊಂಡು ಎಲ್ಲವನ್ನೂ ತಿಪ್ಪೆಯಲ್ಲಿ ಹೂತಳು.

"ಕಾಯ್ತೀನಿ ಅಂದ್ಯಲ್ಲ ನಾಯಣ್ಣ."

"ಕಾದೆನಲ್ಲ. ಒಂದು ನೊಣಾನೂ ಹತ್ರ ಬಿಟ್ಟಿಲ್ಲ. ತಣ್ಣಗಾದ್ರೆ ನಾನೇನು ಮಾಡ್ಲಿ, ನಾನೇನು ಒಲೇನಾ?" ಅಂದಿತು ನಾಯಿ. ಸಾಲದ್ದಕ್ಕೆ ಕೆಲಸ ಮಾಡಿದ್ದಕ್ಕೆ ತಿನ್ನಲು ಏನಾದರೂ ಸಿಗುತ್ತದೆಯೋ ಎಂದು ಬಾಲ ಬೇರೆ ಆಡಿಸಿತು.

ಮೂರನೆಯ ಸಲ ಹ್ಯಾಟೆ ಹಿತ್ತಲ ಒರಳುಕಲ್ಲನ್ನು ಕೇಳಿತು. ಒರಳುಕಲ್ಲು ಎಲ್ಲರಿಗಿಂತ ಹಳಬಳು. ನಿಧಾನದವಳು.

"ಒರಳಜ್ಜಿ, ನಿನ್ನ ಪಕ್ಕದಲ್ಲೇ ಇಟ್ಟಿದ್ದೀನಿ. ನಾನು ಬರೋಗಂಟ ಸರಿಯಾಗಿ ಕಾಯ್ತೀಯಾ?"

"ಕಾಯೋದ್ರಲ್ಲಿ ನನ್ನ ಬಿಟ್ರೆ ಯಾರವ್ವ ಇದ್ದಾರೆ," ಅಂದಳು ಒರಳಜ್ಜಿ.

ಹ್ಯಾಟೆ ಅತ್ತ ಹೋದದ್ದೇ ತಡ, ಕಾಗೆ ಬಂತು. ಅದು ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ಬೇರೆಲ್ಲೂ ಅಲ್ಲ, ಆ ಒರಳಜ್ಜಿಯ ನೆತ್ತಿಗೇ ಬಡಿದು ಒಡೆದು ತಿಂದಿತು. ಹ್ಯಾಟೆ ಓಡಿ ಬಂದಾಗ ಅಜ್ಜಿಯ ಮೈಮೇಲೆ ಲೋಳೆ ಇಳಿಯುತ್ತಿತ್ತು.

"ಕಾಯ್ತೀನಿ ಅಂದ್ಯಲ್ಲ ಅಜ್ಜಿ."

"ನೀನು ಬರೋಗಂಟ ಕಾದೆ ಕಣವ್ವ," ಅಂದಳು ಒರಳಜ್ಜಿ. "ನೀನು ಬಂದ್ಯಲ್ಲ."

ಒಬ್ಬ ಬಿಸಿಯಾದ, ಒಬ್ಬ ಪಹರೆ ಮಾಡಿದ, ಒಬ್ಬಳು ದಾರಿ ನೋಡುತ್ತ ಕೂತಳು. ಮೂವರೂ ಕಾದರು. ಮೂವರೂ ಕೊಟ್ಟ ಮಾತು ಉಳಿಸಿಕೊಂಡರು. ಮರಿ ಮಾತ್ರ ಒಂದೂ ಇಲ್ಲ.

ಒರಳಿನ ಬುಡದಲ್ಲಿ ಒಂದು ಮೊಟ್ಟೆ ಉಳಿದಿತ್ತು. ಉರುಳಿ ಸಂದಿಗೆ ಸೇರಿದ್ದರಿಂದ ಕಾಗೆಯ ಕಣ್ಣಿಗೆ ಬಿದ್ದಿರಲಿಲ್ಲ. ಸಾಕಮ್ಮ ಬಂದು ಹ್ಯಾಟೆಯ ಹೊಟ್ಟೆ ತಡವಿ ನೋಡಿದಳು.

"ಇನ್ನಿಲ್ಲ ಕಣವ್ವ. ನಿನ್ನ ಹೊಟ್ಟೇಲಿ ಇನ್ನು ಮೊಟ್ಟೆ ಇಲ್ಲ. ಇದೇ ಕೊನೇದು."

ಅದು ಹಾಳಾದರೆ ಲೋಕದಲ್ಲಿ ಇನ್ನು ಕೋಳಿಯೇ ಇಲ್ಲ. ಹ್ಯಾಟೆ ಆ ಒಂಟಿ ಮೊಟ್ಟೆಯನ್ನು ನೋಡಿತು. ಆಗ ಅದರ ಹೊಟ್ಟೆ ಉರಿಯಿತು. ನಾವು ಸುಮ್ಮನೆ ಮಾತಿಗೆ ಹೊಟ್ಟೆ ಉರಿಯಿತು ಅನ್ನುತ್ತೇವಲ್ಲ, ಹಾಗಲ್ಲ. ನಿಜಕ್ಕೂ ಉರಿಯಿತು. ಆ ಉರಿಗೆ ಹೊಟ್ಟೆಯ ತುಪ್ಪುಳ ಉದುರಿತು, ಬರಿ ಚರ್ಮ ಕೆಂಪಗೆ ಕಾದಿತು. ಮೈಮೇಲಿನ ಗರಿಯೆಲ್ಲ ನೆಟ್ಟಗೆ ಎದ್ದು ನಿಂತಿತು.

ಅದು ಮೊಟ್ಟೆಯನ್ನು ಕೊಕ್ಕಿನಿಂದ ಎಳೆದುಕೊಂಡು ಹುಲ್ಲು ಹಾಸಿದ ಮಂಕರಿ ಬುಟ್ಟಿಗೆ ಸೇರಿಸಿತು. ಇನ್ನು ಯಾರನ್ನೂ ಕೇಳುವುದಿಲ್ಲ ಎಂದು ಅದರ ಮೇಲೆ ತಾನೇ ಕೂತುಬಿಟ್ಟಿತು.

ಏನಾಯಿತೆಂದು ಕೇಳಲು ಹುಂಜ ಬಂತು. ಹ್ಯಾಟೆ ಕೊರ್ ಎಂದು ಕುಕ್ಕಿತು. ನಾಯಿ ಮೂಸಲು ಬಂತು, ಅದರ ಮೂಗಿಗೇ ಕುಕ್ಕಿತು. ಸೂರ್ಯ ಹುಲ್ಲಿನ ಸಂದಿಯಿಂದ ಇಣುಕಿದ. ಅವನಿಗೂ ಕೊರ್ ಅಂದಿತು. ಅವನು ಬೇಗ ಮೋಡದ ಹಿಂದೆ ಹೋದ.

ಹ್ಯಾಟೆ ಏಳಲೇ ಇಲ್ಲ. ಮೇಯಲಿಲ್ಲ, ಕುಡಿಯಲಿಲ್ಲ. ಕೆಂಪಗಿದ್ದ ಜುಟ್ಟು ಬಿಳಿಚಿತು, ಎದೆಯ ಮೂಳೆ ಚೂಪಾಯಿತು, ಗರಿಯ ಬುಡದಲ್ಲಿ ಹೇನು ತುಂಬಿತು. ಸಿಟ್ಟೊಂದು ಇಳಿಯಲಿಲ್ಲ. ಸಾಕಮ್ಮನಿಗೆ ದಿಗಿಲಾಯಿತು. ಮಂಕರಿಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು.

"ಏಳವ್ವ, ಒಂದು ಗುಟುಕು ನೀರು ಕುಡ್ಕೊಂಡು ಬಾ. ಅಷ್ಟೊತ್ತೂ ನಾನು ಕಾಯ್ತೀನಿ."

ಹ್ಯಾಟೆ ಅವಳ ಕೈಯನ್ನು ರಕ್ತ ಬರುವ ಹಾಗೆ ಕುಕ್ಕಿತು.

"ನಾನು ಹಾಕಿದ್ದು ತಿಂದು ನನ್ನನ್ನೇ ಕುಕ್ತೀಯೇನೇ," ಎಂದು ಸಾಕಮ್ಮ ಕೈ ಕೊಡವಿದಳು.

"ಆ ಮಾತು ಇನ್ನೊಂದು ಸಲ ಆಡ್ಬೇಡ ಸಾಕವ್ವ."

"ಯಾವ ಮಾತು?"

"ಕಾಯ್ತೀನಿ ಅನ್ನೋದು. ಎಲ್ಲರೂ ಅದನ್ನೇ ಅಂದ್ರು. ನೀನು ಯಾವ ಥರ ಕಾಯ್ತೀಯ, ಅದನ್ನಾದ್ರೂ ಹೇಳು. ಕಾಯ್ಬೇಕು ಅಂತ ಮೊದಲು ಹೇಳಿದವಳೇ ನೀನು. ಹೆಂಗೆ ಅಂತ ಹೇಳಿದ್ಯಾ?"

ಸಾಕಮ್ಮನಿಗೂ ಅದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳಬೇಕಾಗಿ ಬಂದಾಗ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಅವಳಿಗೂ ಬಂತು.

"ನೀನು ಹೇನು ಹತ್ತಿ ಸತ್ರೆ ಈ ಮೊಟ್ಟೆ ನಿಮ್ಮಪ್ಪ ನೋಡ್ಕೊಳ್ತಾನಾ?" ಅಂದಳು.

ಎರಡು ಕೈಯನ್ನೂ ರೆಕ್ಕೆಯ ಅಡಿಗೆ ಹಾಕಿ ಹ್ಯಾಟೆಯನ್ನು ಎತ್ತಿಕೊಂಡಳು. ಅದು ಕುಕ್ಕಿತು, ಪರಚಿತು. ಕುಕ್ಕಿಸಿಕೊಂಡೇ ಹೋಗಿ ಅದನ್ನು ಬೂದಿಗುಂಡಿಯ ಹತ್ತಿರ ಇಳಿಸಿದಳು. ಪಕ್ಕದಲ್ಲಿ ರಾಗಿ ಚೆಲ್ಲಿದ್ದಳು, ಬೋಗುಣಿಯಲ್ಲಿ ನೀರಿತ್ತು.

"ಬೈಕೊಂಡೇ ತಿನ್ನು," ಅಂದಳು.

ಹ್ಯಾಟೆ ಬೈದುಕೊಂಡೇ ತಿಂದಿತು, ಬೈದುಕೊಂಡೇ ಕುಡಿಯಿತು. ಬೂದಿಯಲ್ಲಿ ನಾಲ್ಕು ಸಲ ಉರುಳಿ ಮೈ ಕೊಡವಿ ಒಂದೇ ಓಟಕ್ಕೆ ಮಂಕರಿಗೆ ಬಂತು. ಮೊಟ್ಟೆಯ ಬಿಸಿ ಇನ್ನೂ ಆರಿರಲಿಲ್ಲ.

ಮಾರನೆಯ ದಿನವೂ ಇದೇ ಜಗಳ. ಅದರ ಮಾರನೆಯ ದಿನವೂ ಅಷ್ಟೇ. ದಿನಕ್ಕೊಂದು ಸಲ ಸಾಕಮ್ಮ ಬರುವಳು, ಎತ್ತುವಳು, ಕುಕ್ಕಿಸಿಕೊಳ್ಳುವಳು. ಅವಳು ಸಮಾಧಾನ ಹೇಳಲಿಲ್ಲ, ಹ್ಯಾಟೆಯೂ ಉಪಕಾರ ಅನ್ನಲಿಲ್ಲ. ಆದರೆ ಜುಟ್ಟಿಗೆ ಸ್ವಲ್ಪ ಸ್ವಲ್ಪವಾಗಿ ಬಣ್ಣ ಬಂತು. ಹಿತ್ತಲಿಗೆ ಬಂದವರಿಗೆಲ್ಲ ಸಾಕಮ್ಮ ಹೇಳುತ್ತಿದ್ದಳು: "ಹತ್ರ ಹೋಗ್ಬೇಡಿ, ಅದು ಕಾವಿಗೆ ಕೂತದೆ."

ಒಂದು ಬೆಳಗ್ಗೆ ಹ್ಯಾಟೆಯ ಹೊಟ್ಟೆಯಡಿ ಚಿಂವ್ ಎಂದು ಸದ್ದಾಯಿತು. ಹ್ಯಾಟೆ ಕತ್ತು ಬಗ್ಗಿಸಿ ಸಣ್ಣ ದನಿಯಲ್ಲಿ ಲೊಕ್ ಲೊಕ್ ಅಂದಿತು. ಅಂಥ ಮೆತ್ತನೆಯ ಮಾತು ಅದರ ಬಾಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಚಿಪ್ಪು ಬಿರಿದು ಒದ್ದೆ ತಲೆಯೊಂದು ಹೊರಗೆ ಬಂತು.

ಸಾಕಮ್ಮ ಕಣ್ಣು ಒರೆಸಿಕೊಂಡು ಮರಿಯನ್ನು ಸವರಲು ಬೆರಳು ಚಾಚಿದಳು. ಹ್ಯಾಟೆ ಅವಳನ್ನೂ ಬಿಡದೆ ಕುಕ್ಕಿತು.

"ಕುಕ್ಕವ್ವ, ಕುಕ್ಕು," ಅಂದಳು ಸಾಕಮ್ಮ. "ನಾನೂ ಆ ಮಾತು ಆಡಿದವಳೇ."

ಇವತ್ತಿಗೂ ನೀವು ಬೊಗಸೆಯಲ್ಲಿ ರಾಗಿ ಹಿಡಿದು ಎಷ್ಟು ಮೆಲ್ಲಗೆ ಹೋದರೂ ಕಾವಿಗೆ ಕೂತ ಹ್ಯಾಟೆ ಮೈಯೆಲ್ಲ ಉಬ್ಬಿಸಿ ಕೊರ್ ಎಂದು ಕೈಗೆ ಕುಕ್ಕುವುದು ಇದಕ್ಕೇ. ಅದರ ಹೊಟ್ಟೆಯಡಿಯಲ್ಲಿ ಕೈ ಸುಡುವ ಆ ಬಿಸಿ ಅವತ್ತಿನ ಸಿಟ್ಟು, ಮರಿಗಳು ಹುಟ್ಟುವುದು ಅದರಿಂದಲೇ.