ಮತ್ತಿ ಮರದ ಮೈ ಬಿರಿದದ್ದು

ಬೆಟ್ಟಗಳು ಇನ್ನೂ ಹಸಿ ಮಣ್ಣಾಗಿದ್ದ ಕಾಲ. ಯಾವ ಕಡೆ ಹರಿಯೋಣ ಎಂದು ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದ ಕಾಲ. ಆಗ ಮತ್ತಿ ಮರದ ಮೈ ಬಾಳೆದಿಂಡಿನ ಹಾಗೆ ನುಣ್ಣಗಿತ್ತು. ಇರುವೆ ಹತ್ತಿದರೂ ಜಾರಿ ಬೀಳುತ್ತಿತ್ತು.

ಮತ್ತಿ ಮರಗಳ ನಡುವೆ ನಾಲ್ಕಾರು ಗುಡಿಸಲುಗಳ ಒಂದು ಹಾಡಿ. ಆ ಹಾಡಿಯಲ್ಲಿ ಮಾಕಿ ಎಂಬ ಹೆಂಗಸು. ಅಲ್ಲಿಯ ಜನರೆಲ್ಲ ಗೆಣಸು ಅಗೆದು, ಜೇನು ಇಳಿಸಿ ಬದುಕುತ್ತಿದ್ದರು. ಆದರೆ ಬೇಸಿಗೆ ಬಂತೆಂದರೆ ಬೆಂಕಿ ಬರುತ್ತಿತ್ತು. ಬೆಂಕಿ ಬಂತೆಂದರೆ ಜನ ಮಡಕೆ ಕುಡಿಕೆ ಹೊತ್ತು ಓಡುತ್ತಿದ್ದರು. ಬೇರೆ ಬೆಟ್ಟ, ಬೇರೆ ಗುಡಿಸಲು. ಮುಂದಿನ ಬೇಸಿಗೆಗೆ ಮತ್ತೆ ಬೆಂಕಿ, ಮತ್ತೆ ಓಟ.

ಹೀಗೆ ಓಡುವವರ ಮಕ್ಕಳಿಗೆ ಮರಗಳ ಹೆಸರೇ ಗೊತ್ತಿರಲಿಲ್ಲ. ಕಾಡುಮಾವಿನ ಹೂ ನೋಡಿದ್ದರು, ಹಣ್ಣು ತಿಂದಿರಲಿಲ್ಲ.

ಒಂದು ಬೇಸಿಗೆ, ಗಾಳಿ ಓಡಿ ಬಂತು.

"ಮಾಕೀ, ಆಚೆ ಬೆಟ್ಟದಲ್ಲಿ ಬೆಂಕಿ ಎದ್ದಿದೆ. ನಾಳೆ ಇಲ್ಲಿರುತ್ತೆ. ಹೊರಡು!"

ಮಾಕಿ ಗಂಟು ಕಟ್ಟಿದಳು. ಹೊರಡುವ ಮುಂಚೆ ಗುಡಿಸಲ ಪಕ್ಕದ ಮತ್ತಿ ಮರವನ್ನು ಮುಟ್ಟಿ, "ಹೋಗಿ ಬರ್ತೀನಣ್ಣ" ಎಂದಳು.

"ಹೋಗವ್ವ" ಎಂದಿತು ಮರ. "ನನಗೆ ಕಾಲಿಲ್ಲ. ನಾನು ಇಲ್ಲೇ ಇರ್ತೀನಿ."

ಮರದ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಾಕಿ ತಡೆದುಕೊಳ್ಳುತ್ತಿದ್ದಳೇನೋ. ಅವಳು ಗಂಟು ಇಳಿಸಿ ಕೂತುಬಿಟ್ಟಳು.

ಹಾಡಿಯ ಹಿರಿಯ ಜಡೆಯಜ್ಜ ಕೂಗಿದ. "ಏನವ್ವ ಕೂತೆ? ಏಳು, ಹೊತ್ತಾಯ್ತು!"

"ನಾನು ಬರಲ್ಲಜ್ಜ. ಗೆಣಸು ಬೇಕಾದಾಗ ಈ ಕಾಡು ಬೇಕು, ಜೇನು ಬೇಕಾದಾಗ ಈ ಕಾಡು ಬೇಕು. ಅದಕ್ಕೆ ಕಷ್ಟ ಬಂದಾಗ ಓಡಿ ಹೋಗ್ತೀವಲ್ಲ, ನಾವೆಂಥ ನೆಂಟರು?"

"ಬೆಂಕಿ ಮುಂದೆ ನೀನೊಬ್ಬಳೇ ಏನು ಮಾಡ್ತೀಯ?"

"ಒಬ್ಬಳೇ ನಿಂತ್ರೆ ಸುಟ್ಟು ಹೋಗ್ತೀನಿ. ಎಲ್ಲರೂ ನಿಂತ್ರೆ ಬೆಂಕಿನೂ ಯೋಚನೆ ಮಾಡ್ಬೇಕಾಗುತ್ತೆ."

ಜಡೆಯಜ್ಜ ತನ್ನ ಹೊರೆಯನ್ನೂ ಇಳಿಸಿದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿಸಿದರು.

ಮಾಕಿ ಗಾಳಿಯನ್ನು ಬೇಡಿಕೊಂಡಳು. "ನಾಳೆ ಒಂದಿನ ಬೀಸಬೇಡಪ್ಪ."

"ಬೀಸದಿದ್ದರೆ ನಾನು ಗಾಳಿಯೇ ಅಲ್ಲ" ಎಂದಿತು ಗಾಳಿ. "ಆದರೆ ಬೆಂಕಿ ನಡೆಯೋದು ತರಗೆಲೆ ಮೇಲೆ. ತರಗೆಲೆಯೇ ಇಲ್ಲದಿದ್ದರೆ ಅದು ಕಾಲಿಡೋದೆಲ್ಲಿ?"

ಅಷ್ಟು ಸಾಕಾಯಿತು. ಹೆಂಗಸರು ಗುಡಿಸಿದರು, ಗಂಡಸರು ಒಣಹುಲ್ಲು ಕೊಯ್ದರು, ಮಕ್ಕಳು ಎಲೆಗಳನ್ನು ತಬ್ಬಿ ತಬ್ಬಿ ಹೊತ್ತು ಹಾಕಿದರು. ಬೆಟ್ಟದ ಹೆಗಲಿಗೆ ಅಡ್ಡವಾಗಿ, ಬೈತಲೆ ತೆಗೆದ ಹಾಗೆ, ಬರಿ ಕೆಂಪು ಮಣ್ಣಿನ ದಾರಿಯಾಯಿತು.

ಬೆಂಕಿ ಬಂತು. ಬೊಬ್ಬಿಡುತ್ತಾ ಬಂತು. ಕೆಂಪು ಮಣ್ಣಿನ ಹತ್ತಿರ ಬಂದು ನಿಂತಿತು. ಅಲ್ಲಿಂದ ಕಿಡಿ ಎಸೆಯಿತು. ಜನ ಹಸಿ ಸೊಪ್ಪಿನಿಂದ ಬಡಿದು ಬಡಿದು ಕಿಡಿ ಆರಿಸಿದರು. ಕೊನೆಗೆ ಉದ್ದನೆಯ ಒಂದು ನಾಲಿಗೆ ನೇರವಾಗಿ ಮಾಕಿಯ ಮೇಲೇ ಎಗರಿತು.

"ನನ್ನ ಹಿಂದೆ ಬಾ!" ಎಂದು ಕೂಗಿತು ಮತ್ತಿ ಮರ.

ಮಾಕಿ ಅದರ ಹಿಂದೆ ಅವಿತಳು. ಮರ ಎದೆಯೊಡ್ಡಿತು. ಚಟಚಟನೆ ಅದರ ಮೈ ಬಿರಿಯಿತು. ಸುಡಲು ಬೇರೇನೂ ಸಿಗದೆ ಬೆಂಕಿ ಅಲ್ಲೇ ಸತ್ತಿತು.

ಬಿರಿದ ತೊಗಟೆಯನ್ನು ಸವರುತ್ತಾ ಮಾಕಿ ಅತ್ತಳು. "ನಿನ್ನ ಚೆಂದದ ಮೈ ಹೋಯ್ತಲ್ಲಣ್ಣ!"

"ಹೋಗಲಿ ಬಿಡು ತಂಗಿ. ನುಣ್ಣಗಿದ್ದಾಗ ನನ್ನ ಜೊತೆ ಯಾರೂ ನಿಂತಿರಲಿಲ್ಲ."

ಬೆಟ್ಟದ ಕೆಳಗೆ ಹರಿಯುತ್ತಿದ್ದ ತೊರೆ ಈ ಮಾತು ಕೇಳಿಸಿಕೊಂಡಿತು. ಮೆಲ್ಲಗೆ ಬೇರು ಹಿಡಿದು ಮೇಲೇರಿ ಮರದೊಳಗೆ ಸೇರಿತು. "ಇನ್ನು ಬೇಸಿಗೆಯಲ್ಲಿ ನಾನು ನಿನ್ನೊಳಗೇ ಇರ್ತೀನಿ" ಎಂದಿತು.

ಆಮೇಲೆ ಆ ಹಾಡಿ ಎಂದೂ ಓಡಲಿಲ್ಲ. ಜನ ಮರದ ಬುಡದಲ್ಲಿ ಕೂತು ಮಾತಾಡಿ ತೀರ್ಮಾನ ಮಾಡಿದರು. ಗೆಣಸು ಅಗೆದರೆ ಮತ್ತೆ ಚಿಗುರಲೆಂದು ಅದರ ತಲೆಯನ್ನು ಹೂಳಬೇಕು. ಜೇನು ಇಳಿಸಿದರೆ ಹುಳುಗಳ ಪಾಲು ಬಿಡಬೇಕು. ಎಲೆ ಉದುರಿದರೆ ಎಲ್ಲರೂ ಬಂದು ಗುಡಿಸಬೇಕು. ಒಂದೇ ಕಡೆ ಬೆಳೆದ ಮಕ್ಕಳು ಕಾಡುಮಾವು ತಿಂದರು, ಯಾವ ಜ್ವರಕ್ಕೆ ಯಾವ ಸೊಪ್ಪು ಎಂದು ಕಲಿತರು, ಗಟ್ಟಿ ಮನೆ ಕಟ್ಟಿದರು. ಆಚೆ ಬೆಟ್ಟದವರು ಬಂದು, "ಇದು ಯಾರ ಕಾಡು?" ಎಂದು ಬೆರಗಾಗಿ ಕೇಳಿದಾಗ ಜಡೆಯಜ್ಜ ಎದೆಯುಬ್ಬಿಸಿ, "ನಮ್ಮದು!" ಎಂದ.

ಅದಕ್ಕೇ ಮಗೂ, ಇವತ್ತಿಗೂ ಮತ್ತಿ ಮರದ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಬಿರಿದಿರುತ್ತದೆ, ಸುಡುವ ಬೇಸಿಗೆಯಲ್ಲೂ ಅದರ ಹೊಟ್ಟೆಯಲ್ಲಿ ಬಾಯಾರಿದವರಿಗೆ ನೀರಿರುತ್ತದೆ.