ಗೋಡೆಯ ಗೂಡಿನ ಕೂದಲುಂಡೆ

“ಗುರುಗಳೇ, ನನಗೆ ಫಲ ಕೊಟ್ಟ ನಿಯಮವನ್ನೇ ನನ್ನ ಶಿಷ್ಯರಿಗೂ ಕಲಿಸುತ್ತಿದ್ದೇನೆ. ಆದರೂ ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದಾರೆ. ಇದು ಅವರ ಸೋಮಾರಿತನವಲ್ಲದೆ ಮತ್ತೇನು?” ಎಂದು ಚಿದಂಬರ ಕೇಳಿದ.

ಚಿದಂಬರ ಗುರುಗಳ ಹಿರಿಯ ಶಿಷ್ಯ. ನದಿಯಾಚೆ ತನ್ನದೇ ಒಂದು ಚಿಕ್ಕ ಆಶ್ರಮ ನಡೆಸುತ್ತಿದ್ದ. ನಸುಕಿನಲ್ಲಿ ತಣ್ಣೀರ ಸ್ನಾನ, ಒಪ್ಪೊತ್ತು ಊಟ, ಅಲುಗಾಡದೆ ಕುಳಿತು ಧ್ಯಾನ, ಇದು ಅವನ ನಿಯಮ. ಅದರಿಂದ ಅವನ ಮುಖಕ್ಕೆ ಒಂದು ಕಳೆ ಬಂದಿದ್ದುದೂ ಸುಳ್ಳಲ್ಲ.

ಗುರುಗಳು ಆ ಕಳೆಯನ್ನು ಕಣ್ತುಂಬ ನೋಡಿದರು. ಆಮೇಲೆ ಕತೆ ಹೇಳಿದರು.

ಒಂದೂರಿನಲ್ಲಿ ತುಂಗಮ್ಮ ಎಂಬ ಗೃಹಿಣಿ ಇದ್ದಳು. ಅವಳ ಕೂದಲು ನೆಟ್ಟಗೆ, ದಟ್ಟವಾಗಿ ಮೊಣಕಾಲಿನವರೆಗೆ ಇಳಿದಿತ್ತು. ವಯಸ್ಸಾದರೂ ತುರುಬು ಸಣ್ಣದಾಗಿರಲಿಲ್ಲ. ಬೀದಿಯ ಹೆಂಗಸರೆಲ್ಲ ಅವಳ ಬಳಿ ಬಂದು, ಕೂದಲಿಗೆ ಏನು ಮಾಡುತ್ತೀಯೆಂದು ಕೇಳುತ್ತಿದ್ದರು. ತುಂಗಮ್ಮ ಮುಚ್ಚುಮರೆ ಮಾಡಿದವಳಲ್ಲ. ಶುಕ್ರವಾರ ಹರಳೆಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಬೇಕು, ಹಂಡೆಯ ಬಿಸಿನೀರು ಹುಯ್ದು ಸೀಗೆಪುಡಿಯಲ್ಲಿ ಎಣ್ಣೆಯ ಪಸೆ ಹೋಗುವಂತೆ ಉಜ್ಜಬೇಕು, ಸಾಂಬ್ರಾಣಿ ಹೊಗೆಯಲ್ಲಿ ಗರಿಗರಿಯಾಗಿ ಒಣಗಿಸಬೇಕು, ಆಮೇಲೆ ಸಣ್ಣ ಹಲ್ಲಿನ ಬಾಚಣಿಗೆ ಎಲ್ಲೂ ತಡೆಯದೆ ಇಳಿಯುವವರೆಗೆ ಬಾಚಿ ಬಿಗಿಯಾಗಿ ಹೆಣೆಯಬೇಕು. ಇಷ್ಟೇ. ಬೇರೆಯವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಆ ಜಡೆ ಹೊತ್ತವಳ ಬಾಯಲ್ಲಿ ಕೇಳಿದರೆ ಅದರ ತೂಕವೇ ಬೇರೆ.

ತುಂಗಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. ಒಬ್ಬಳು ಮಗಳ ತಲೆಗೆ ಎಣ್ಣೆ ಹಚ್ಚಬೇಕೆಂಬ ಆಸೆ ಅವಳ ಕೈಗಳಲ್ಲಿ ಹಾಗೇ ಉಳಿದುಬಿಟ್ಟಿತ್ತು. ಮಗನ ಮದುವೆಯಾಗಿ ಅಂಬುಜೆ ಎಂಬ ಸೊಸೆ ಮನೆ ತುಂಬಿದಳು. ಅವಳದು ಗುಂಗುರು ಕೂದಲು, ತಲೆಯ ಸುತ್ತ ಮೋಡದ ಹಾಗೆ ಉಬ್ಬಿಕೊಂಡಿತ್ತು. ಅತ್ತೆಗೆ ಹಿಗ್ಗೋ ಹಿಗ್ಗು. ಇಷ್ಟೊಂದು ಕೂದಲು, ಪಾಪ, ಹೇಳಿಕೊಡುವವರಿಲ್ಲದೆ ಹೀಗೆ ಕೆದರಿಕೊಂಡಿದೆ, ನಾನು ಇದನ್ನು ಮೊಣಕಾಲಿಗೆ ಇಳಿಸುತ್ತೇನೆ ಎಂದುಕೊಂಡಳು.

ಅಂದಿನಿಂದ ಪ್ರತಿ ಶುಕ್ರವಾರವೂ ತುಂಗಮ್ಮನೇ ಸೊಸೆಯನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿದಳು, ಉಜ್ಜಿದಳು, ಒಣಗಿಸಿದಳು, ಬಾಚಿದಳು. ಬಾಚಣಿಗೆ ಸಿಕ್ಕಿಕೊಂಡಾಗ ಎಳೆದಳು. ಸೊಸೆಯ ಕಣ್ಣಲ್ಲಿ ನೀರು ಬಂದರೆ, “ಸ್ವಲ್ಪ ತಡ್ಕೋ ಮಗು, ಕೂದಲು ಪಳಗಬೇಕು” ಎಂದು ಕೆನ್ನೆ ಸವರಿದಳು. ಎಂಥ ಪ್ರೀತಿ ಅದು! ಅದನ್ನು ಅಲ್ಲಗಳೆಯುವವನು ಮೂರ್ಖ.

ಬಾಚಣಿಗೆಗೆ ಬಂದ ಕೂದಲನ್ನು ಆ ಊರಿನಲ್ಲಿ ಬೀದಿಗೆ ಎಸೆಯುವುದಿಲ್ಲ. ಬೆರಳಿಗೆ ಸುತ್ತಿ, ಉಂಡೆ ಮಾಡಿ, ಬಚ್ಚಲಮನೆಯ ಗೋಡೆಯಲ್ಲಿರುವ ಗೂಡಿನೊಳಗೆ ತುರುಕುತ್ತಾರೆ. ವರ್ಷಕ್ಕೊಮ್ಮೆ ಬರುವ ಪಾತ್ರೆಯವನು ಅದನ್ನು ತೆಗೆದುಕೊಂಡು ಲೋಟವೋ ಬಟ್ಟಲೋ ಕೊಟ್ಟು ಹೋಗುತ್ತಾನೆ. ತುಂಗಮ್ಮನೂ ಶುಕ್ರವಾರ ಶುಕ್ರವಾರ ಸುತ್ತಿದಳು, ತುರುಕಿದಳು. ಕೈ ತನ್ನ ಪಾಡಿಗೆ ಮಾಡುವ ಕೆಲಸವನ್ನು ಕಣ್ಣು ಎಲ್ಲಿ ನೋಡುತ್ತದೆ?

ಗೌರಿಹಬ್ಬ ಹತ್ತಿರವಾಯಿತು. ಅಂಬುಜೆಯ ತಾಯಿ ಮಗಳಿಗೆ ಬಾಗಿನ ತರುವವಳಿದ್ದಳು. ಒಂದು ಬೆಳಿಗ್ಗೆ ಮಗ ಬಂದು, ತಲೆ ತಗ್ಗಿಸಿಕೊಂಡು ಹೇಳಿದ: “ಅಮ್ಮಾ, ಅವಳು ಹಬ್ಬಕ್ಕೆ ಬರೋ ಅವರಮ್ಮನ ಜೊತೆ ಹೋಗ್ತೀನಿ ಅಂತಿದಾಳೆ. ಮತ್ತೆ ಬರಲ್ವಂತೆ. ಯಾಕೆ ಅಂದ್ರೆ ಬಾಯಿ ಬಿಡಲ್ಲ.”

ತುಂಗಮ್ಮ ಸೊಸೆಯೊಡನೆ ಒಂದು ದಿನವೂ ಗಟ್ಟಿಯಾಗಿ ಮಾತಾಡಿದವಳಲ್ಲ, ಹೊತ್ತಿಗೆ ಸರಿಯಾಗಿ ಊಟಕ್ಕಿಟ್ಟವಳು. ಎಲ್ಲಿ ಎಡವಿದೆನೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹೊಳೆದದ್ದು ಒಂದೇ. ಈ ಶುಕ್ರವಾರ ಇನ್ನಷ್ಟು ಎಣ್ಣೆ ಹಚ್ಚಿ, ಇನ್ನಷ್ಟು ಹೊತ್ತು ಬಾಚಬೇಕು.

ಆ ಶುಕ್ರವಾರ ಅವಳು ಎಣ್ಣೆ ಕಾಯಿಸಲು ಇಡುತ್ತಿರುವಾಗಲೇ ಪಾತ್ರೆಯವನು ಬೀದಿಯಲ್ಲಿ ಕೂಗಿದ. ತುಂಗಮ್ಮ ಗೂಡಿಗೆ ಕೈ ಹಾಕಿ ಎಳೆದಳು. ಎಳೆದಷ್ಟೂ ಬಂತು. ಸೆರಗಿನ ತುಂಬ ಬಂತು.

ಪಾತ್ರೆಯವನ ಮುಖ ಅರಳಿತು. “ಏನ್ ತಾಯಿ, ಈ ವರ್ಷ ನಿಮ್ಮನೇಲಿ ಒಳ್ಳೆ ಬೆಳೆ! ಹೋದ್ವರ್ಷ ನಿಂಬೆಹಣ್ಣಿನಷ್ಟು ಕೊಟ್ಟಿದ್ರಿ. ದೊಡ್ಡ ಪಾತ್ರೇನೇ ತಗೊಳಿ” ಎಂದು ಜಗಲಿಯ ಮೇಲೆ ಒಂದು ಕೊಳದಪ್ಪಲೆ ಇಟ್ಟ.

ತುಂಗಮ್ಮ ಸೆರಗಿನಲ್ಲಿದ್ದುದನ್ನು ಬಿಡಿಸಿ ನೋಡಿದಳು. ನೇರ ಕೂದಲು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಗುಂಗುರು. ಬುಡದಿಂದ ಬಂದದ್ದಲ್ಲ, ನಡುವೆ ತುಂಡಾದದ್ದು. ಪಾತ್ರೆ ಬೇಡ ಎಂದು ಅವನನ್ನು ಕಳಿಸಿ, ಕೂದಲನ್ನು ಮಡಿಲಲ್ಲಿಟ್ಟುಕೊಂಡು ಸೊಸೆಯ ಮುಂದೆ ಕುಳಿತಳು. ಒಲೆಯ ಮೇಲೆ ಎಣ್ಣೆ ಕಮಟು ಹತ್ತಿದರೂ ಏಳಲಿಲ್ಲ.

“ಮಗು, ನಿಮ್ಮಮ್ಮ ನಿನಗೆ ಹೇಗೆ ತಲೆ ಬಾಚ್ತಿದ್ರು?”

ಈ ಪ್ರಶ್ನೆಯನ್ನು ಅವಳು ಕೇಳಿದ್ದು ಅದೇ ಮೊದಲು.

“ಬಾಚಣಿಗೆ ಮುಟ್ಟಿಸ್ತಿರಲಿಲ್ಲ, ಅತ್ತೆ. ಕೂದಲು ಒದ್ದೆ ಇದ್ದಾಗ್ಲೇ ಎಣ್ಣೆ ಕೈಯಲ್ಲಿ, ಬೆರಳಲ್ಲೇ ಸಿಕ್ಕು ಬಿಡಿಸ್ತಿದ್ರು. ಸೀಗೆಪುಡಿನೂ ಯಾವಾಗ್ಲೋ ಒಂದ್ಸಲ.”

“ಅಯ್ಯೋ, ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

ಅಂಬುಜೆ ತಲೆ ಎತ್ತಿದಳು. “ನಿಮ್ಮ ಕೂದಲು ನೋಡಿ ನನಗೆ ಬಾಯೇ ಬರಲಿಲ್ಲ, ಅತ್ತೆ. ನಂದೇ ಏನೋ ಕೆಟ್ಟ ತಲೆ ಅಂದ್ಕೊಂಡೆ.”

ಈ ಮಾತು ತುಂಗಮ್ಮನ ಎದೆಗೆ ನಾಟಿತು. ತನ್ನ ಮೊಣಕಾಲುದ್ದದ ಜಡೆ ಒಂದು ಹುಡುಗಿಯ ಬಾಯಿ ಕಟ್ಟಿಬಿಟ್ಟಿತಲ್ಲ ಎಂದು ಅವಳು ಅತ್ತಳು.

ಹಬ್ಬದ ದಿನ ಅಂಬುಜೆಯ ತಾಯಿ ಬಂದಳು. ಮಗಳ ತೆಳ್ಳಗಾದ ಕೂದಲು ನೋಡಿ ಅವಳ ಮುಖ ಕಪ್ಪಿಟ್ಟಿತು. ಬಾಗಿನಕ್ಕೆ ಬಂದ ಬೀದಿಯ ಹೆಂಗಸರೆಲ್ಲ ಅಲ್ಲೇ ಕುಳಿತಿದ್ದರು. ನೀರು ಒಗ್ಗಲಿಲ್ಲವೇನೋ, ದೃಷ್ಟಿಯಾಯಿತೇನೋ ಎಂದು ಯಾರೋ ಮಾತು ಹಾರಿಸಿದರು. ತುಂಗಮ್ಮ ಸುಮ್ಮನಿದ್ದಿದ್ದರೆ ಅವಳ ಹೆಸರಿಗೆ ಕೂದಲೆಳೆಯಷ್ಟೂ ಕುಂದು ಬರುತ್ತಿರಲಿಲ್ಲ.

ಅವಳು ಸುಮ್ಮನಿರಲಿಲ್ಲ. “ನೀರೂ ಅಲ್ಲ, ದೃಷ್ಟಿನೂ ಅಲ್ಲ. ಈ ಕೂದಲು ಕಿತ್ತಿದ್ದು ನಾನು. ನನ್ನ ತಲೆಗೆ ಆಗಿದ್ದು ಎಲ್ಲರ ತಲೆಗೂ ಆಗುತ್ತೆ ಅಂದ್ಕೊಂಡಿದ್ದೆ” ಎಂದಳು. ಬೀಗಿತ್ತಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಸೊಸೆಯ ಜಡೆಯನ್ನು ತಾನೇ ಬಿಚ್ಚಿ, “ಬೆರಳು ಎಲ್ಲಿಂದ ಹಾಕ್ಬೇಕು, ನನಗೆ ಹೇಳಿಕೊಡಿ” ಎಂದು ಕೇಳಿದಳು.

ಬೀದಿಯವರೆಲ್ಲ ಯಾರ ಮಾತು ಕೇಳಲು ಬರುತ್ತಿದ್ದರೋ ಅವಳು, ಅಷ್ಟು ಜನರ ಎದುರಿಗೆ, ತಲೆ ಬಾಚುವುದನ್ನು ಮೊದಲಿನಿಂದ ಕಲಿತಳು. ಮೊಣಕಾಲುದ್ದದ ಕೂದಲನ್ನು ಊರೂರಲ್ಲಿ ನೋಡಬಹುದು. ಇಂಥ ಮನಸ್ಸು ನೋಡಲು ಸಿಗುವುದಿಲ್ಲ.

ಮರುದಿನ ತಾಯಿಯೊಬ್ಬಳೇ ಊರಿಗೆ ಹಿಂದಿರುಗಿದಳು. ಅಂಬುಜೆ ಬಾಗಿಲಲ್ಲಿ ನಿಂತು ಕೈ ಬೀಸಿದಳು. ಅವಳ ಕೂದಲು ಮೊಣಕಾಲಿಗೆ ಎಂದೂ ಇಳಿಯಲಿಲ್ಲ, ಆದರೆ ನಿಧಾನವಾಗಿ ಮತ್ತೆ ಮೋಡದಂತೆ ತುಂಬಿಕೊಂಡಿತು. ಬೀದಿಯ ಹೆಂಗಸರು ಆಮೇಲೂ ತುಂಗಮ್ಮನನ್ನು ಕೇಳಲು ಬರುತ್ತಿದ್ದರು. ಅವಳು ಉತ್ತರ ಹೇಳುವ ಮೊದಲು, “ಜಡೆ ಬಿಚ್ಚು, ಮುಟ್ಟಿ ನೋಡೋಣ” ಎನ್ನುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಚಿದಂಬರ, “ಆದರೂ ತುಂಗಮ್ಮನ ನಿಯಮದಲ್ಲಿ ತಪ್ಪಿರಲಿಲ್ಲವಲ್ಲ, ಗುರುಗಳೇ. ಅವಳ ಕೂದಲೇ ಅದಕ್ಕೆ ಸಾಕ್ಷಿ” ಎಂದ.

“ಹೌದು, ಕೊನೆಯವರೆಗೂ ಅವಳ ಜಡೆ ಮೊಣಕಾಲಿಗಿತ್ತು” ಎಂದು ಗುರುಗಳು ಒಪ್ಪಿದರು. ಮತ್ತೆ ಮೆಲ್ಲಗೆ ಕೇಳಿದರು:

“ನಿನ್ನ ಆಶ್ರಮದ ಗೂಡಿನಲ್ಲಿರುವ ಉಂಡೆ ಈಗ ಎಷ್ಟು ದಪ್ಪವಾಗಿದೆ, ಚಿದಂಬರ?”